ಹಳ್ಳದ ಆಚೆ ದಡ

ಉರ್ಸುಲಾ ಹರೆಯದಲ್ಲೇ ಜೀತದ ಕರಾರಿಗೆ ಗುರುತು ಹಾಕಿ ವರ್ಜೀನಿಯಾದ ಹಡಗು ಹತ್ತಿದ್ದಳು. ಅದೇ ವರ್ಷ ಅವಳ ಅಣ್ಣ ಒಬಡಾಯ, ತನ್ನ ಪಾದ್ರಿಯ ಬೆನ್ನು ಹಿಡಿದು ಮ್ಯಾಸಚೂಸೆಟ್ಸಿನ ಹಡಗು ಹತ್ತಿದ. ಒಂದೇ ತಾಯಿಯ ಮಕ್ಕಳು, ಒಂದೇ ಸಮುದ್ರ ದಾಟಿದವರು, ಒಬ್ಬನೇ ರಾಜನ ಪ್ರಜೆಗಳು. ಇಳಿದದ್ದು ಮಾತ್ರ ಬೇರೆ ಬೇರೆ ಲೋಕಗಳಲ್ಲಿ.

ವರ್ಜೀನಿಯಾದಲ್ಲಿ ಉರ್ಸುಲಾ ಹೊಗೆಸೊಪ್ಪಿನ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದು ಜೀತ ತೀರಿಸಿದಳು, ಎರಡು ಸಲ ಮದುವೆಯಾದಳು, ಇಬ್ಬರು ಗಂಡಂದಿರನ್ನೂ ಮಣ್ಣು ಮಾಡಿದಳು. ಅಲ್ಲಿ ಬೇಸಿಗೆ ಬಂತೆಂದರೆ ಜ್ವರವೂ ತೆರಿಗೆಯವನ ಹಾಗೆ ಮನೆಮನೆ ಹೊಕ್ಕು ತನ್ನ ಪಾಲು ಎತ್ತಿಕೊಂಡೇ ಹೋಗುತ್ತಿತ್ತು. ಎರಡನೆಯವನು ಸತ್ತ ವರ್ಷ ಮಗಳು ಸಿಸ್ಲಿಯೂ ಚಳಿಜ್ವರದಿಂದ ನಡುಗತೊಡಗಿದಳು. ಉರ್ಸುಲಾ ಇದ್ದೊಂದು ಹಸುವನ್ನು ಮಾರಿ, ಮಗುವನ್ನು ಕಟ್ಟಿಕೊಂಡು ಅಣ್ಣನ ಊರು ಸ್ಟೋಕ್‌ಲೀಗೆ ಬಂದಳು.

ಬಂದ ಮೊದಲ ಭಾನುವಾರ, ಊರಿನ ಪ್ರಾರ್ಥನೆಯೂ ಸಭೆಯೂ ನಡೆಯುವ ಸಭಾಮನೆಯಲ್ಲಿ ಮುಂದಿನ ಬೆಂಚಿನ ತುಂಬ ಮುದುಕಿಯರು ಕೂತಿದ್ದರು. ಬಿಳಿ ಕೂದಲು, ಬೊಚ್ಚು ಬಾಯಿ, ನಡುಗುವ ಕೈ. ಸಿಸ್ಲಿ ಕಣ್ಣರಳಿಸಿ ನೋಡಿದಳು.

"ಅಮ್ಮಾ, ಅವರಿಗೆಲ್ಲ ಏನು ಕಾಯಿಲೆ?"

"ಕಾಯಿಲೆ ಅಲ್ಲ ಕಣೆ. ವಯಸ್ಸಾಗಿದೆ, ಅಷ್ಟೆ."

"ಅಷ್ಟೊಂದು ವಯಸ್ಸಾಗುತ್ತಾ?"

ಉರ್ಸುಲಾಗೆ ನಗು ಬರಬೇಕಿತ್ತು, ಬರಲಿಲ್ಲ. ವರ್ಜೀನಿಯಾದಲ್ಲಿ ಈ ಮಗು ಅಜ್ಜಿ ಎಂಬ ಜೀವವನ್ನೇ ಕಂಡಿರಲಿಲ್ಲ. ತನ್ನ ಮಗಳು ಒಂದು ದಿನ ಆ ಬೆಂಚಿನಲ್ಲಿ ಹಲ್ಲಿಲ್ಲದ ಬಾಯಿ ಮಾಡಿಕೊಂಡು ಕೂರಬೇಕು ಎಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು. ದೇವರಲ್ಲಿ ಬೇರೇನನ್ನೂ ಬೇಡಲಿಲ್ಲ.

ಆದರೆ ಸ್ಟೋಕ್‌ಲೀಯಲ್ಲಿ ಇರುತ್ತೇನೆ ಎಂದ ಮಾತ್ರಕ್ಕೆ ಇರುವಂತಿರಲಿಲ್ಲ. ಹೊರಗಿನವರನ್ನು ಸೇರಿಸಿಕೊಳ್ಳುವುದು ಬಿಡುವುದು ಊರಿನ ಹಿರಿಯರ ಕೈಯಲ್ಲಿತ್ತು. ಒಬಡಾಯ ಜಾಮೀನು ನಿಂತದ್ದರಿಂದ ಮಾರ್ಚ್ ತಿಂಗಳ ಊರ ಸಭೆಯವರೆಗೆ ಇರಲು ಬಿಟ್ಟಿದ್ದರು. ಆ ಸಭೆ ಒಪ್ಪಿ ಕೈಯೆತ್ತಿದರೆ ಊರಿನವಳು, ಎತ್ತದಿದ್ದರೆ ಮತ್ತೆ ಹಡಗು, ಮತ್ತೆ ಜ್ವರ.

"ಅಲ್ಲೀವರೆಗೂ ನಿಮ್ಮ ವರ್ಜೀನಿಯಾದ ಚಾಳಿ ಎಲ್ಲ ಗಂಟು ಕಟ್ಟಿಡು ಮಾರಾಯ್ತಿ," ಎನ್ನುತ್ತಿದ್ದಳು ಅತ್ತಿಗೆ ಮೆಹಿಟಬಲ್. "ಬೀದೀಲಿ ನಗಬೇಡ. ನೀನು ನಕ್ಕರೆ ಪಾದ್ರಿ ಮನೇವರೆಗೂ ಕೇಳುತ್ತೆ."

"ಅಲ್ಲಿ ಪಕ್ಕದ ಮನೆಗೆ ಕೇಳಬೇಕಾದ್ರೆ ಇನ್ನೂ ಜೋರಾಗಿ ನಗಬೇಕು ಅತ್ತಿಗೆ. ನದಿ ದಂಡೇಲಿ ಮೈಲಿಗೊಂದು ಮನೆ."

"ಅದಕ್ಕೇ ನಿಮಗೆ ಮರ್ಯಾದೆ ಕಲಿಸೋರು ಸಿಗಲಿಲ್ಲ."

ಮೆಹಿಟಬಲ್‌ಗೆ ಬಾಯಿ ಚುರುಕೇ ಹೊರತು ಹೃದಯ ಕಲ್ಲಾಗಿರಲಿಲ್ಲ. ಸಿಸ್ಲಿಯ ತಟ್ಟೆಗೆ ಹಂದಿಮಾಂಸದ ದೊಡ್ಡ ತುಂಡು ಬೀಳುತ್ತಿದ್ದದ್ದು ಅವಳ ಕೈಯಿಂದಲೇ. ಚಳಿಗಾಲದ ನಡುವಿಗೆ ಹುಡುಗಿಯ ಕೆನ್ನೆ ಕೆಂಪಗಾಗಿ, ಲಂಗ ಗಿಡ್ಡವಾಯಿತು.

ಫೆಬ್ರವರಿಯ ಒಂದು ಗುರುವಾರ ಎಲ್ಲರೂ ಉಪದೇಶ ಕೇಳಲು ಸಭಾಮನೆಗೆ ಹೋಗಿದ್ದರು. ಮೆಹಿಟಬಲ್ ಸಿಸ್ಲಿಯನ್ನೂ ಕರೆದುಕೊಂಡು ಹೋಗಿದ್ದಳು. ಕರಗಿಸಿದ ಕೊಬ್ಬಿನಲ್ಲಿ ಬತ್ತಿ ಅದ್ದಿ ಮೋಂಬತ್ತಿ ಮಾಡುವ ಕೆಲಸ ಬಾಕಿಯಿದ್ದುದರಿಂದ ಉರ್ಸುಲಾ ಒಬ್ಬಳೇ ಮನೆಯಲ್ಲಿದ್ದಳು. ಆಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ತುಂಬು ಬಸುರಿ, ಕಾಲಿಗೆ ಗೋಣಿ ಸುತ್ತಿಕೊಂಡವಳು.

"ಸ್ವಲ್ಪ ಬೆಂಕಿ ಹತ್ರ ಕೂತ್ಕೊಳ್ಲಾ ಅಕ್ಕಾ?"

ಉರ್ಸುಲಾಳ ಮುಖ ಅರಳಿತು. ನದಿ ದಂಡೆಯ ಆ ಒಂಟಿ ಮನೆಗಳಲ್ಲಿ ದಾರಿಹೋಕರು ಬಂದರೆ ಹಬ್ಬ. ಊಟ ಹಾಕಿ, ಹಾಸಿಗೆ ಕೊಟ್ಟು, ಸುದ್ದಿ ಕೇಳಿ, ಬೆಳಿಗ್ಗೆ ಕಳಿಸಲು ಮನಸ್ಸೇ ಬರುತ್ತಿರಲಿಲ್ಲ. ಅಪರಿಚಿತರನ್ನು ಒಳಗೆ ಬಿಡಲು ಅಪ್ಪಣೆ ಬೇಕೆಂಬುದು ಅವಳ ತಲೆಗೆ ಹೊಳೆಯಲೂ ಇಲ್ಲ. ಆ ಹೆಂಗಸನ್ನು ಬೆಂಕಿಯ ಮುಂದೆ ಕೂರಿಸಿ, ಮೆಕ್ಕೆಜೋಳದ ಅಂಬಲಿಗೆ ಕಾಕಂಬಿ ಸುರಿದು ಕೊಟ್ಟಳು.

ಬಂದವಳ ಹೆಸರು ಜುಡಿತ್. ಮೀನುಗಾರ ಗಂಡ ಸಮುದ್ರದಲ್ಲಿ ಮುಳುಗಿ ಹೋದ. ಬಂದರಿನ ಊರು ಅವಳನ್ನು ಹೊರಗೆ ಹಾಕಿತು. ಮುಂದಿನ ಊರಿನ ಪೇದೆ ತನ್ನ ಗಡಿ ದಾಟಿಸಿದ, ಅದರ ಮುಂದಿನವನೂ ದಾಟಿಸಿದ. ಅವತ್ತು ಬೆಳಿಗ್ಗೆ ಪಕ್ಕದೂರು ಆಲ್ಡನ್‌ಫೀಲ್ಡಿನ ಪೇದೆ, ಎರಡು ಊರುಗಳ ಗಡಿಯಾಗಿದ್ದ ಹಳ್ಳದ ಈಚೆ ಬಿಟ್ಟು ಹೋಗಿದ್ದ.

"ಯಾಕೆ ಹಾಗೆ ಓಡಿಸ್ತಾರೆ?" ಎಂದಳು ಉರ್ಸುಲಾ.

ಜುಡಿತ್ ಉತ್ತರಿಸುವಷ್ಟರಲ್ಲಿ ನೋವು ಬಂತು. ಉರ್ಸುಲಾ ಶಾಲು ಎಳೆದುಕೊಂಡು ಸೂಲಗಿತ್ತಿ ಡಾರ್ಕಸ್ ಅಜ್ಜಿಯ ಮನೆಗೆ ಓಡಿದಳು. ಹೆರಿಗೆ ಎಂದ ಮೇಲೆ ಮುಚ್ಚುಮರೆ ಏಕೆ? ಅವಳು ಬಲ್ಲ ನಾಡಿನಲ್ಲಿ ಆ ಸುದ್ದಿ ಕೇಳಿದರೆ ಜಗಳವಾಡಿದ ನೆರೆಯವಳೂ ದೋಣಿ ಹತ್ತಿ ಬರುತ್ತಿದ್ದಳು. ಹಿಂದಿನ ರಾತ್ರಿಯೆಲ್ಲ ಬೇರೆ ಬಾಣಂತಿಯ ಬಳಿಯಿದ್ದ ಡಾರ್ಕಸ್ ಆಗಷ್ಟೇ ನಿದ್ದೆಯಿಂದ ಎದ್ದಿದ್ದಳು.

"ಯಾವೂರಿನವಳು?"

"ಬಿಟ್ಟು ಬಿಟ್ಟು ನೋವು ಬರ್ತಿದೆ ಅಜ್ಜಿ. ಮೊದಲನೇದು."

"ನೋವು ಕೇಳ್ಲಿಲ್ಲ ಕಣಮ್ಮ ನಾನು. ಊರು ಕೇಳ್ದೆ."

ಉರ್ಸುಲಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾರ್ಕಸ್ ಮೈಮೇಲೆ ನಿಲುವಂಗಿ ಹಾಕಿಕೊಂಡಳು. ಆದರೆ ಒಬಡಾಯನ ಮನೆಯ ಕಡೆ ತಿರುಗಲಿಲ್ಲ, ನೇರ ಸಭಾಮನೆಗೆ ನಡೆದಳು.

ಉಪದೇಶ ಅರ್ಧಕ್ಕೆ ಬಿಟ್ಟು ಒಬಡಾಯ, ಮೆಹಿಟಬಲ್, ಊರ ಪೇದೆ ಹೋಪ್‌ಸ್ಟಿಲ್ ಏದುಸಿರು ಬಿಡುತ್ತ ಬಂದರು. ಹಿಂದೆಯೇ ಸಿಸ್ಲಿ. ಒಬಡಾಯನ ಮುಖ ಬಿಳಿಚಿಕೊಂಡಿತ್ತು.

"ಏನು ಮಾಡಿಟ್ಟೆ ನೀನು? ಇಲ್ಲಿ ಹುಟ್ಟಿದ ಕೂಸು ಈ ಊರಿಂದು. ಅದು ದೊಡ್ಡದಾಗೋವರೆಗೂ ಊರೇ ಸಾಕಬೇಕು."

"ಸಾಕಲಿ ಅಣ್ಣ. ಕಣಜ ತುಂಬಿದೆಯಲ್ಲ."

"ನಿಮ್ಮಲ್ಲಿ ಹಾಗೆ ನಡೀತಿತ್ತೇನೋ ತಾಯಿ," ಎಂದ ಹೋಪ್‌ಸ್ಟಿಲ್. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. "ಇಲ್ಲಿ ನಾವು ನಮ್ಮೋರನ್ನ ಚೆನ್ನಾಗಿ ನೋಡ್ಕೋತೀವಿ. ಅದಕ್ಕೇ ನಮ್ಮೋರು ಯಾರು ಅನ್ನೋದ್ರಲ್ಲಿ ಬಿಗಿ."

ಒಬಡಾಯ ತಂಗಿಯನ್ನು ಮೂಲೆಗೆ ಕರೆದ. "ಹಿರಿಯರು ಹೇಳಿ ಕಳ್ಸಿದಾರೆ. ಒಳಗೆ ಕರೆದೋಳು ನೀನು, ನೀನೇ ಹಳ್ಳ ದಾಟ್ಸಬೇಕು. ಹೆರೋದರೊಳಗೆ. ಹಾಗೆ ಮಾಡಿದ್ರೆ ಗೊತ್ತಿಲ್ದೆ ಆದ ತಪ್ಪು ಅಂತ ಹೊಟ್ಟೆಗೆ ಹಾಕ್ಕೋತಾರೆ. ಇಲ್ಲಾಂದ್ರೆ ಮಾರ್ಚ್‌ವರೆಗೂ ಕಾಯೋದಿಲ್ಲ. ನಿನ್ನ, ಮಗೂನ, ಸಿಕ್ಕಿದ ಹಡಗಿಗೆ ಹತ್ತಿಸ್ತಾರೆ."

"ಅಣ್ಣಾ, ಅವಳು ಸತ್ತು ಹೋಗ್ತಾಳೆ."

"ನನಗೂ ಕಣ್ಣಿದೆ ಉರ್ಸುಲಾ."

ಬಾಗಿಲ ಬಳಿ ಸಿಸ್ಲಿ ನಿಂತಿದ್ದಳು. ಚಳಿಗೆ ಕೆನ್ನೆ ಸೇಬಿನಂತಾಗಿತ್ತು. ಉರ್ಸುಲಾ ಅವಳನ್ನು ನೋಡಿದಳು, ಬೆಂಕಿಯ ಮುಂದೆ ಬಗ್ಗಿ ಕೂತವಳನ್ನು ನೋಡಿದಳು. ಹೆಚ್ಚು ಹೊತ್ತು ಯೋಚಿಸಿದಳೆಂದು ಬರೆದು ಅವಳ ಮಾನ ಉಳಿಸಬಹುದು, ಆದರೆ ಅವಳು ಯೋಚಿಸಲಿಲ್ಲ. ಹಿಮದ ಮೇಲೆ ಸೌದೆ ಎಳೆಯುವ ಜಾರುಬಂಡಿಯನ್ನು ಅಂಗಳಕ್ಕೆ ತಂದಳು. ಮೆಹಿಟಬಲ್ ಯಾರ ಮುಖವನ್ನೂ ನೋಡದೆ ಬಿಸಿ ಇಟ್ಟಿಗೆಗೆ ಬಟ್ಟೆ ಸುತ್ತಿ, ಅದರಲ್ಲಿ ಕೂತ ಜುಡಿತಳ ಕಾಲಡಿ ಇಟ್ಟಳು.

ಹೋಪ್‌ಸ್ಟಿಲ್ ಹಳ್ಳಕ್ಕೆ ಇಳಿಯುವ ದಿಬ್ಬದ ಮೇಲೇ ನಿಂತು ಮುಖ ತಿರುಗಿಸಿಕೊಂಡ. ಹೆಂಗಸರ ವಿಷಯ, ಗಂಡಸು ನೋಡಬಾರದಂತೆ. ಉರ್ಸುಲಾ ಒಬ್ಬಳೇ ಹಗ್ಗ ಎಳೆದಳು.

"ನಿಮ್ಮನೇಲಿ ಬೆಚ್ಚಗಿತ್ತು ಅಕ್ಕಾ," ಎಂದಳು ಜುಡಿತ್ ಹಿಂದಿನಿಂದ. ಚುಚ್ಚಿ ಆಡಿದ ಮಾತಲ್ಲ, ಉಪಕಾರ ನೆನೆದ ಮಾತು. ಉರ್ಸುಲಾ ಹಿಂತಿರುಗಿ ನೋಡಲಿಲ್ಲ.

ಹಳ್ಳದ ಈಚೆ ದಡದ ಪೊದೆಗಳ ನಡುವೆ ಜುಡಿತ್ ಕಿರುಚಿದಳು. ಇನ್ನು ಎಳೆಯುವಂತಿರಲಿಲ್ಲ. ಉರ್ಸುಲಾ ಹಿಮದಲ್ಲಿ ಮಂಡಿಯೂರಿದಳು. ಕೂಸು ಅಲ್ಲೇ ಹುಟ್ಟಿತು, ಹೆಣ್ಣು. ಸ್ಟೋಕ್‌ಲೀಯ ಮಣ್ಣಿನಲ್ಲಿ, ಸ್ಟೋಕ್‌ಲೀಯ ಕೂಸಾಗಿ. ಹೊಕ್ಕುಳಬಳ್ಳಿ ಕತ್ತರಿಸಿ, ಶಾಲಿನಲ್ಲಿ ಸುತ್ತಿ, ತಾಯಿಯ ಎದೆಗಿಟ್ಟು, ಅವಳು ಮತ್ತೆ ಹಗ್ಗ ಹಿಡಿದಳು. ಹೆಪ್ಪುಗಟ್ಟಿದ ಹಳ್ಳದ ಮೇಲೆ ಇಬ್ಬರನ್ನೂ ಆಚೆ ದಡಕ್ಕೆ ಎಳೆದು, ಅಲ್ಲಿದ್ದ ಆಲ್ಡನ್‌ಫೀಲ್ಡಿನ ಗಿರಣಿಯವನ ಬಾಗಿಲು ದಬದಬ ಬಡಿದು, ಒಳಗಿನ ಹೆಜ್ಜೆ ಕೇಳಿದೊಡನೆ ಓಡಿ ಬಂದಳು. ಜಾರುಬಂಡಿ ಅಲ್ಲೇ ಉಳಿಯಿತು.

ಜುಡಿತ್ ವಾರ ತುಂಬುವ ಮೊದಲೇ ತೀರಿಕೊಂಡಳು. ಕೂಸು ಬದುಕಿತು. ಗಿರಣಿಯವನ ಮನೆಗೆ ಬರುವಾಗಲೇ ಅದು ಹುಟ್ಟಿತ್ತೆಂದು ಆಲ್ಡನ್‌ಫೀಲ್ಡಿನವರು ತಕರಾರು ಹೂಡಿದರು. ಕೂಸು ನಿಮ್ಮದು, ಕೊಂಡೊಯ್ಯಿರಿ ಎಂದರು. ಪಾಪ, ಹಾಲು ಕುಡಿಯುವ ಆ ಬೊಗಸೆಯಷ್ಟು ಜೀವಕ್ಕಾಗಿ ದೇವರ ಹೆಸರು ಹೇಳುವ ಎರಡು ಊರುಗಳು ಪರಸ್ಪರ ಕೈ ತೋರಿಸುತ್ತಿದ್ದವು.

ಮಾರ್ಚ್ ತಿಂಗಳ ಸಭೆಯಲ್ಲಿ ಉರ್ಸುಲಾಳನ್ನು ಎಬ್ಬಿಸಿ ನಿಲ್ಲಿಸಿದರು. ಹೋಪ್‌ಸ್ಟಿಲ್ ತಾನೇನೂ ನೋಡಲಿಲ್ಲವೆಂದು ಆಗಲೇ ಹೇಳಿಯಾಗಿತ್ತು. ಹಿರಿಯರಲ್ಲೊಬ್ಬರು ಪ್ರಮಾಣ ಮಾಡಿಸಿ ಕೇಳಿದರು.

"ಕೂಸು ಹುಟ್ಟಿದ್ದು ಹಳ್ಳದ ಯಾವ ಕಡೆ?"

ಸುಳ್ಳು ಪ್ರಮಾಣ ಮಾಡಿದವರ ಗತಿ ಏನೆಂದು ಅವಳಿಗೂ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಸಿಸ್ಲಿ ಕಾಲಾಡಿಸುತ್ತ ಕೂತಿದ್ದಳು.

"ಆಚೆ ಕಡೆ," ಎಂದಳು ಉರ್ಸುಲಾ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳನ್ನೂ ಮಗಳನ್ನೂ ಊರಿಗೆ ಸೇರಿಸಿಕೊಳ್ಳುವ ಮಾತು ಬಂತು. ಕೈಗಳು ಮೇಲೆದ್ದವು. ಒಬಡಾಯ ಕಣ್ಣೊರೆಸಿಕೊಂಡ. ಡಾರ್ಕಸ್ ಅಜ್ಜಿ ಸರಿದು ಜಾಗ ಮಾಡಿಕೊಟ್ಟಳು. ಉರ್ಸುಲಾ ಕೂತಳು.

"ಮಾರನೇ ದಿನ ಬೆಳಿಗ್ಗೆ ಹೋಗಿ ನೋಡ್ಕೊಂಡ್ ಬಂದೆ ಕಣಮ್ಮ," ಎಂದು ಅಜ್ಜಿ ಅವಳ ಕಿವಿಯಲ್ಲಿ ಉಸುರಿದಳು. "ಪೊದೆ ಹತ್ರ ಹಿಮ ಎಲ್ಲ ಕೆಂಪಗಾಗಿತ್ತು. ಈಚೆ ದಡದಲ್ಲೇ. ಕಾಲಲ್ಲಿ ಎಳೆದು ಮುಚ್ಚಿ ಬಂದೆ. ಹೆದರ್ಬೇಡ. ಈಗ ನೀನು ನಮ್ಮೋಳು."

"ದೊಡ್ಡ ಉಪಕಾರ ಆಯ್ತು ಅಜ್ಜಿ," ಎಂದಳು ಉರ್ಸುಲಾ.

ಬಾಯುಪಚಾರಕ್ಕೆ ಆಡಿದ್ದಲ್ಲ, ಮನಸಾರೆ ಆಡಿದ್ದಳು. ಅದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.