ಹೊಸ ಹಗ್ಗ

"ನಿಮ್ಮದೊಂದ ಉಳದೈತ್ರಿ," ಎಂದಳು ಕಮಲಾಬಾಯಿ, ಪಾದ್ರಿಯ ಕೋಣೆಯ ಹೊಸ್ತಿಲಾಚೆಯಿಂದಲೇ.

ಜತ್ತನ್ನನ ಮುಖದ ಅರ್ಧಕ್ಕೆ ಸೋಪಿನ ನೊರೆಯಿತ್ತು. ಕತ್ತಿ ಎತ್ತಿ ಹಿಡಿದವನು ಹಾಗೆಯೇ ನಿಂತ. ಏನು ಉಳಿದಿದೆ ಎಂದು ಕೇಳಬೇಕಾಗಿರಲಿಲ್ಲ. ಒಂಬತ್ತು ದಿನದಿಂದ ಇಡೀ ತೇರದಾಳ ಅಂಗಳದ ಎದುರಿನ ಮನೆಯ ಪಡಸಾಲೆಗೆ ಬಂದು ಹೋಗುತ್ತಿತ್ತು. ಮನೆಯ ಹಿರಿಯಳು, ಕಮಲಾಬಾಯಿಯ ಅತ್ತೆ ಬಾಳವ್ವ, ಊಟ ನೀರು ಒಂದೊಂದಾಗಿ ಬಿಟ್ಟು ದೇಹ ಬಿಡುವ ಜೈನರ ಸಲ್ಲೇಖನ ವ್ರತ ಹಿಡಿದಿದ್ದಳು. ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ಈಗ ಉಳಿದಿದ್ದದ್ದು ನೀರು. ಅದನ್ನೂ ಬಿಡುವ ಮುಂಚೆ ಅವಳು ಪರಿಚಯದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ, ಕೈಮುಗಿದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಿದ್ದಳು. ಬಂದವರು ಕ್ಷಮಿಸಿದೆವು ಎನ್ನುತ್ತಿದ್ದರು, ನಮ್ಮನ್ನೂ ಕ್ಷಮಿಸು ಎನ್ನುತ್ತಿದ್ದರು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

"ಗಾಣಿಗ್ಯಾರ ಹಣಮಪ್ಪ ಸೈತ ಬಂದು ಹೇಳಿ ಹ್ವಾದ್ರಿ. ನಿಮಗ ಅತ್ತಿಯವರು ಮೂರ ಸಲ ಹೇಳಿ ಕಳಿಸ್ಯಾರು."

"ಬರುತ್ತೇನೆ. ಸ್ವಲ್ಪ ಬರೆಯುವುದಿದೆ."

"ಇವತ್ತ ಬರ್ರಿ. ನೀವ ಒಂದ ಮಾತ ಅಂದ್ರ ನೀರ ಬಿಡ್ತೀನಿ ಅಂದಾರು. ಅಲ್ಲೀತನಕ ದಿನಾ ಒಂದೊಂದ ಚಮಚಾ ನುಂಗಾಕತ್ತಾರ್ರಿ. ನೋಡಾಕ ಆಗವಲ್ದು."

ಅವಳು ಹೋದಳು. ಜತ್ತನ್ನ ಉಳಿದರ್ಧ ಗಡ್ಡ ಬೋಳಿಸಿಕೊಂಡ. ಎರಡು ಕಡೆ ಗಾಯವಾಯಿತು.

ಒಂದು ಮಾತು ಅಂದರೆ ನೀರು ಬಿಡುತ್ತಾಳೆ. ಅನ್ನದಿದ್ದರೆ ಕುಡಿಯುತ್ತಾಳೆ. ಕ್ಷಮೆಯನ್ನು ಸಾರಲಿಕ್ಕೆಂದೇ ಮಂಗಳೂರಿನಿಂದ ಇಷ್ಟು ದೂರ ಬಂದವನು ಅವನು. ಆ ಕ್ಷಮೆಯನ್ನು ಕೊಡದೆ ಇಟ್ಟುಕೊಂಡರೆ ಮಾತ್ರ ಒಂದು ಜೀವ ಉಳಿಯುತ್ತದೆ. ಸೆಮಿನರಿಯ ನಾಲ್ಕು ವರ್ಷಗಳಲ್ಲಿ ಯಾವ ಉಪಾಧ್ಯಾಯರೂ ಈ ಪ್ರಶ್ನೆ ಹಾಕಿರಲಿಲ್ಲ.

ಅವನು ಊರಿಗೆ ಬಂದು ಆರು ವಾರವಾಗಿತ್ತು. ಕುಡಚಿಯಲ್ಲಿ ರೈಲಿಳಿದು ಚಕ್ಕಡಿಯಲ್ಲಿ ಬರುವಾಗ, ಕಲ್ಲು ಬೀಳುತ್ತವೆ ಎಂದುಕೊಂಡೇ ಬಂದಿದ್ದ. ಸಂಸ್ಥಾನದ ಕಚೇರಿಯವರು ಪೇಟೆಯಲ್ಲಿ ಮಾತಾಡಬಹುದು, ಗುಡಿ ಬಸದಿಗಳ ಮುಂದೆ ಮಾತ್ರ ಬೇಡ ಎಂದು ಅಪ್ಪಣೆ ಕೊಟ್ಟಿದ್ದರು. ಪೇಟೆಯಲ್ಲಿ ನಿಂತು ಮಾತಾಡಿದ. ಒಂದು ಕಲ್ಲೂ ಬೀಳಲಿಲ್ಲ. "ಛಲೋ ಹೇಳಿದ್ರಿ ಪಾದ್ರಿಯವರ, ಖರೆ ಐತಿ," ಎಂದು ಜನ ತಲೆಯಾಡಿಸಿದರು. ನಿಮ್ಮೂರಲ್ಲಿ ಮಳೆ ಹೆಂಗೆ ಎಂದು ಕೇಳಿದರು. ತಮ್ಮ ತಮ್ಮ ದಾರಿ ಹಿಡಿದರು. ವಿರೋಧವಿದ್ದರೆ ಅದಕ್ಕೆ ಎದೆಕೊಟ್ಟು ನಿಲ್ಲಬಹುದಿತ್ತು. ಈ ಒಪ್ಪಿಗೆಯೆದುರು ಅವನಿಗೆ ತಾನು ಇದ್ದೂ ಇಲ್ಲದ ಹಾಗೆ ಅನ್ನಿಸತೊಡಗಿತು.

ಇರಲು ಜಾಗ ಕೊಟ್ಟವಳು ಬಾಳವ್ವನೇ. ಮಗ ಶಾಂತಿನಾಥ ಹಿಂದೆಮುಂದೆ ನೋಡಿದಾಗ, "ಇರ್ಲಿ ಬಿಡೋ, ಅವನೂ ಯಾವ ತಾಯಿ ಮಗನೋ," ಎಂದು ಅಂಗಳದಾಚೆಯ ಕೋಣೆ ತೆಗೆಸಿಕೊಟ್ಟಿದ್ದಳು. ಮೊದಲು ಅದರಲ್ಲಿ ಬೆಲ್ಲದ ಪೆಂಟೆ ಇಡುತ್ತಿದ್ದರು. ಇರುವೆಗಳಿಗೆ ಇನ್ನೂ ಅದು ಗೊತ್ತಿತ್ತು.

ಒಂದೇ ಕಟ್ಟಳೆ. ಬಾವಿಯ ಹಗ್ಗ ಮುಟ್ಟಬಾರದು. ದಿನಾ ಬೆಳಿಗ್ಗೆ ಬಾಳವ್ವ ತಾನೇ ನೀರು ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಅವನ ಕೊಡಕ್ಕೆ ಮುಟ್ಟದಂತೆ ಮೇಲಿನಿಂದ ಹೊಯ್ಯುತ್ತಿದ್ದಳು. ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದಿರಬಹುದಾದ ಸಣ್ಣ ಜೀವಗಳನ್ನು ಸೋಸಿದ ನೀರಿನಿಂದಲೇ ಒಂದು ಸಣ್ಣ ತಂಬಿಗೆಗೆ ತೊಳೆದು, ತಂಬಿಗೆಯನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದಳು. ಅದರ ತಳಕ್ಕೊಂದು ಬಳೆ, ಬಳೆಗೊಂದು ದಾರ. ತಂಬಿಗೆ ನೀರು ಮುಟ್ಟಿದ ಮೇಲೆ ದಾರ ಜಗ್ಗಿದರೆ ಮೆಲ್ಲಗೆ ಮಗುಚಿಕೊಳ್ಳುತ್ತಿತ್ತು.

"ಮ್ಯಾಗಿಂದ ಸುರವಿದ್ರ ಬಿದ್ದ ಸಾಯ್ತಾವು," ಎಂದಿದ್ದಳು. "ಎಲ್ಲಿಂದ ತಂದೇವೋ ಅಲ್ಲೇ ಒಯ್ದ ಇಳಸಬೇಕು."

"ಬಟ್ಟೆಯ ಮೇಲೆ ಏನೂ ಕಾಣುವುದಿಲ್ಲವಲ್ಲ."

"ನಿನ್ನ ದೇವರ ಕಾಣ್ತಾನೇನ ತಮ್ಮಾ?"

ಇನ್ನೊಂದು ದಿನ ಅವನು, ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕುತ್ತ ಹೋದ ಕುರುಬನ ಕಥೆ ಹೇಳಿದ. ಅವಳು ಹಗ್ಗ ಸೇದುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಸಿಕ್ಕಿತಲ್ಲ, ಆತು. ಆಮ್ಯಾಲ ಅದನ್ನ ಏನ ಮಾಡಿದ? ಮಾರಿದ್ನೋ, ಕೊಯ್ದನೋ?" ಎಂದು ಕೇಳಿದಳು. ಆ ಬೆಳಿಗ್ಗೆ ಅವನಿಗೆ ಸಂತೋಷವಾಗಿತ್ತು. ಊರಿನಲ್ಲಿ ತಕರಾರು ತೆಗೆಯುವಷ್ಟು ಅವನ ಮಾತಿಗೆ ಕಿವಿಗೊಟ್ಟವಳು ಅವಳೊಬ್ಬಳೇ.

ಆ ತಿಂಗಳ ವರದಿಯಲ್ಲಿ ಅವನು ಧಾರವಾಡದ ಹಿರಿಯ ಪಾದ್ರಿಗಳಿಗೆ ಬರೆದ: ದಿನಾಲೂ ಸುವಾರ್ತೆ ಕೇಳಲು ಬರುವ ವೃದ್ಧೆಯೊಬ್ಬಳಿದ್ದಾಳೆ, ಅವಳ ಹೃದಯ ಮೆತ್ತಗಾಗುತ್ತಿದೆ. ವೃದ್ಧೆ ಬರುತ್ತಿದ್ದದ್ದು ನೀರಿಗೆ. ಅದನ್ನು ಬರೆಯಲಿಲ್ಲ. ಅವಳ ಹೊಟ್ಟೆಯಲ್ಲಿ ಗಂಟಿದೆ, ಮಿರಜದ ಡಾಕ್ಟರು ಕೈಚೆಲ್ಲಿದ್ದಾರೆ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ. ಹದಿನೈದು ದಿನದ ಹಿಂದೆ ಅವಳು ಬಾವಿಕಟ್ಟೆಗೆ ಬರುವುದನ್ನು ನಿಲ್ಲಿಸಿದಳು. ಕಮಲಾಬಾಯಿ ಬಂದು ಮಾತಿಲ್ಲದೆ ನೀರು ಹೊಯ್ದು ಹೋಗತೊಡಗಿದಳು.

ಹತ್ತು ಗಂಟೆಗೆ ಟಪಾಲು ಬಂತು. ಧಾರವಾಡದ ಕಾಗದ. ವರದಿ ಓದಿ ಮನಸ್ಸು ತುಂಬಿತು, ಬರುವ ಬುಧವಾರ ನಾನೇ ಬರುತ್ತೇನೆ, ಆ ತಾಯಿಯನ್ನೇ ಮೊದಲು ಕಾಣಬೇಕು ಎಂದಿತ್ತು.

ಅಂದು ಶನಿವಾರ. ಜತ್ತನ್ನ ಕಾಗದ ಮಡಚಿ ಜೇಬಿನಲ್ಲಿಟ್ಟ. ಬುಧವಾರದೊಳಗೆ ಅವಳು ಹೋದರೆ, ಎಂಬ ಯೋಚನೆ ಪೂರ್ತಿಯಾಗುವ ಮೊದಲೇ ಅದನ್ನು ತಡೆದ. ತಡೆದದ್ದು ತಡವಾಗಿತ್ತು. ಇಂದು ಕ್ಷಮಿಸಿದರೆ ಅವಳು ಹೋಗುತ್ತಾಳೆ, ಅವಳ ಜೊತೆ ಅವನ ಸುಳ್ಳೂ ಹೋಗುತ್ತದೆ. ಇನ್ನು ಆ ಮಾತನ್ನು ಶುದ್ಧ ಮನಸ್ಸಿನಿಂದ ಆಡುವುದು ಸಾಧ್ಯವೇ ಇರಲಿಲ್ಲ. ಆಡದಿರುವುದಕ್ಕೂ ಶುದ್ಧ ಮನಸ್ಸು ಎಲ್ಲಿತ್ತು? ಅವಳು ಹೋದರೆ ಈ ಊರಲ್ಲಿ ತನ್ನನ್ನು ತಮ್ಮಾ ಎನ್ನುವವರು ಯಾರು ಎಂಬ ಹೆದರಿಕೆ ಅದರೊಳಗೆ ಕೂತಿತ್ತು. ಪ್ರಾರ್ಥನೆಗೆ ಮೊಣಕಾಲೂರಿದ. ಇರುವೆ ಕಚ್ಚಿತು. ಕೊಲ್ಲಲು ಧೈರ್ಯವಾಗದೆ ಎದ್ದ.

ಮಧ್ಯಾಹ್ನ ಶಾಂತಿನಾಥ ಬಂದ. ಐವತ್ತು ದಾಟಿದ ವ್ಯಾಪಾರಿ, ಮಾತಿಗೆ ಮೊದಲು ರುಮಾಲು ಸರಿಪಡಿಸಿಕೊಳ್ಳುವವನು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತ.

"ಊಟ ಆತ್ರಿ?"

"ಆಯಿತು." ಆಗಿರಲಿಲ್ಲ.

"ಬಿಸಲ ಭಾಳ ಐತಿ ಈ ಸಲ."

"ಹೌದು."

ಶಾಂತಿನಾಥ ರುಮಾಲು ಮುಟ್ಟಿಕೊಂಡ. "ಕ್ಷಮಾ ಕೇಳಿದ್ರ ಸಾಕು, ಎದುರಿನವರು ಕೊಡಲೇಬೇಕಂತಿಲ್ಲ ಅಂತ ಪಂಡಿತರೂ ಹೇಳಿದ್ರು. ಅವ್ವ ಒಪ್ಪವಲ್ಲಳು. ಅವನ ಬಾಯಿಂದ ಬರಬೇಕು ಅಂತಾಳು. ಯಾಕಂತ ನಿಮಗ ಗೊತ್ತಿರಬೇಕು."

ಗೊತ್ತಿತ್ತು. ಜತ್ತನ್ನ ಬಾವಿಯ ಕಡೆ ನೋಡಲಿಲ್ಲ.

"ನಮ್ಮ ಧರ್ಮದಲ್ಲಿ, ಹೀಗೆ ತಾನಾಗಿಯೇ..." ಎಂದು ಶುರುಮಾಡಿದ. ಮುಂದಿನ ಶಬ್ದ ಈ ಮನುಷ್ಯನ ಮುಖದೆದುರು ಬಾಯಿಗೆ ಬರಲಿಲ್ಲ.

"ನಿಮ್ಮ ಧರ್ಮದಾಗ ಕ್ಷಮಾ ಇಲ್ಲೇನ್ರಿ?"

ಚುಚ್ಚುವ ದನಿಯಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದ. ಜತ್ತನ್ನನಿಗೆ ಅಳು ಬಂದಂತಾಯಿತು. "ಸಂಜೆ ಬರುತ್ತೇನೆ," ಎಂದ.

"ಹೊತ್ತ ಮುಳುಗೂದ್ರೊಳಗ ಬರ್ರಿ. ಆಮ್ಯಾಲ ಆಕಿ ನೀರ ಮುಟ್ಟೂದಿಲ್ಲ."

ನಡುವಿನ ಹೊತ್ತು ಕಳೆಯಲು ಅವನು ಪೇಟೆಗೆ ಹೋದ. ಜೋಳದ ಅಂಗಡಿಯ ಗಿರಮಲ್ಲಪ್ಪ ಎಂದಿನಂತೆ ಗೋಣಿಚೀಲ ಜಾಡಿಸಿ ಹಾಕಿದ. ಅವನ ಹಿಂದಿನ ಗೂಟಕ್ಕೆ ಜತ್ತನ್ನ ಕೊಟ್ಟ ಕರಪತ್ರಗಳೆಲ್ಲ ಒಂದೂ ಹರಿಯದೆ, ಒಂದೂ ಓದದೆ, ನೀಟಾಗಿ ಸಿಕ್ಕಿಸಿದ್ದವು. "ಬಾಳವ್ವಾಯಿ ಕಡೆ ಹೋಗಿ ಬಂದ್ರೇನ್ರಿ?" ಎಂದು ಅವನೂ ಕೇಳಿದ. ಇಡೀ ಊರಿಗೆ ಗೊತ್ತಿತ್ತು. ಮೊದಲ ಬಾರಿಗೆ ಇಡೀ ಊರು ಅವನ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿತ್ತು.

ಬಿಸಿಲು ಇಳಿದಾಗ ಹಿಂತಿರುಗಿದ. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಓಣಿಯ ಮನೆಗಳಲ್ಲೆಲ್ಲ ರೊಟ್ಟಿ ಬಡಿಯುವ ಸದ್ದು. ಅವನು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಯಾರೂ ತಡೆಯಲಿಲ್ಲ. ತಡೆಯಬಾರದಿತ್ತೇ ಎಂದುಕೊಂಡ.

ಬಾಳವ್ವ ಚಾಪೆಯ ಮೇಲೆ ಗೋಡೆಗೊರಗಿದ್ದಳು. ಬಿಳಿ ಸೀರೆಯೊಳಗೆ ಮೈ ಇದ್ದ ಗುರುತಿರಲಿಲ್ಲ. ಕಣ್ಣು ಮಾತ್ರ ಬಾವಿಕಟ್ಟೆಯಲ್ಲಿ ಇದ್ದಂಥವೇ.

"ಬಂದ್ರಿ? ಕುಂದರ್ರಿ," ಎಂದಳು.

ರಿ ಎಂದಳು. ಇಷ್ಟು ದಿನ ನೀನು ಎಂದವಳು. ಅದು ಅವನಿಗೆ ಎಲ್ಲಿಯೋ ತಾಗಿತು. ಮಣೆಯ ತುದಿಯಲ್ಲಿ ಕೂತ. ಕಮಲಾಬಾಯಿ ಬಟ್ಟಲು, ಚಮಚ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನೀವ ಬಂದ ನಾಕನೇ ದಿನ," ಎಂದಳು ಬಾಳವ್ವ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಮಧ್ಯಾನ ನಾವು ಮಲಗಿದ್ದಾಗ ನೀವ ಹಗ್ಗ ಹಿಡದ ನೀರ ಸೇದಿ ಕುಡದ್ರಿ. ಕಿಡಕ್ಯಾಗಿಂದ ನೋಡಿದ್ನಿ. ನೀರಡಿಸಿದ್ರಿ. ಎದ್ದ ಬಂದು ಹೊಯ್ಯಬೇಕಾಗಿತ್ತು, ಬರಲಿಲ್ಲ. ಮರುದಿನ ಹಗ್ಗ ಬದಲಿ ಮಾಡಿಸಿದ್ನಿ."

"ಅದು ನಿಮ್ಮ ಕಟ್ಟಳೆ. ನನ್ನದೇ ತಪ್ಪು."

"ಕಟ್ಟಳಿ ಮಾತ ಅಲ್ರಿ. ಹಳೀ ಹಗ್ಗ ಸುಟ್ಟ ಹಾಕಬಹುದಿತ್ತು. ನಿಮಗ ಕಾಣಲಿ ಅಂತ ನಿಮ್ಮ ಬಾಗಲ ಮುಂದಿನ ತಿಪ್ಪಿಗೆ ಒಗಿಸಿದ್ನಿ. ನೀವ ನೋಡಿದ್ರಿ. ಮಾರಿ ಸಣ್ಣದಾತು. ನನಗ ಒಳಗ ಛಲೋ ಅನಿಸ್ತು." ಅವಳು ಎರಡೂ ಕೈ ಎತ್ತಿದಳು. ಸೇರಿಸಲು ಹೊತ್ತು ಹಿಡಿಯಿತು. "ಅದ ತಪ್ಪು. ಕ್ಷಮಾ ಮಾಡ್ರಿ."

ಆ ಹಗ್ಗವನ್ನು ಅವನು ಮರೆತಿರಲಿಲ್ಲ. ತಿಪ್ಪೆಯ ಮೇಲೆ ಅದನ್ನು ಕಂಡ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ. ಈಗ ಅವಳ ಬಾಯಿಂದ ಕೇಳಿದಾಗ ಸಿಟ್ಟೆಲ್ಲ ಕರಗಿ, ನನ್ನದೂ ಒಂದು ತಪ್ಪಿದೆ, ನಿಮ್ಮ ಹೆಸರಲ್ಲಿ ಒಂದು ಸುಳ್ಳು ಬರೆದಿದ್ದೇನೆ ಎಂದು ಹೇಳಿಬಿಡಬೇಕೆನಿಸಿತು. ಜೇಬಿನ ಕಾಗದ ಎದೆಗೆ ಒತ್ತುತ್ತಿತ್ತು. ಆದರೆ ಅದನ್ನು ಹೇಳಿದರೆ ಅವಳು ಕೂಡಲೇ ಕ್ಷಮಿಸುತ್ತಾಳೆ. ಆಮೇಲೆ ತಾನೂ ಕ್ಷಮಿಸಬೇಕು. ಆಮೇಲೆ ಅವಳು ನೀರು ಬಿಡುತ್ತಾಳೆ. ಮುಗಿಯಿತು.

ಕ್ಷಮಿಸಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬುಧವಾರ ನೆನಪಾಯಿತು. ಬಾಯಿ ಮುಚ್ಚಿಕೊಂಡಿತು.

ಅವಳು ಕೈ ಮುಗಿದೇ ಇದ್ದಳು. ಕೊನೆಗೆ ಕೈ ತಾನಾಗಿಯೇ ಮಡಿಲಿಗೆ ಬಿತ್ತು. ಕಮಲಾಬಾಯಿ ಕಿಟಕಿಯ ಬಿಸಿಲು ನೋಡಿ, ಒಂದು ಚಮಚ ನೀರು ಬಾಯಿಗೆ ಹಿಡಿದಳು. ಬಾಳವ್ವ ನುಂಗಲು ನೋಡಿದಳು. ಗಂಟಲು ಮೇಲೇರಿತು, ಇಳಿಯಲಿಲ್ಲ. ಮೈಯೆಲ್ಲ ಬಿಗಿದು, ಕಣ್ಣಲ್ಲಿ ನೀರು ಬಂತು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲಿಂದ ಹರಿಯಿತು. ಅವನ ಕಣ್ಣೆದುರಿಗೇ ಆಯಿತು. ಇದನ್ನು ಮಾಡಿಸುತ್ತಿರುವವನು ತಾನು.

"ಪಾದ್ರಿಯವರ," ಎಂದಳು ಕಮಲಾಬಾಯಿ. ಅಷ್ಟೇ ಎಂದಳು.

ಬಾಳವ್ವ ಉಸಿರು ಸರಿಯಾಗುವ ತನಕ ಕಣ್ಣು ಮುಚ್ಚಿದ್ದಳು. ತೆರೆದಾಗ ಅವನ ಮೇಲೆ ಸಿಟ್ಟಿರಲಿಲ್ಲ.

"ಇರ್ಲಿ. ಇವತ್ತ ಆಗವಲ್ದು ಅವರಿಗೆ. ನಾಳಿಗೆ ಕರೀತೀನಿ." ಆಮೇಲೆ ಸೊಸೆಯ ಕಡೆ ತಿರುಗಿ, "ಇವರ ಕೊಡಪಾನಕ್ಕ ನೀರ ಹೊಯ್ದೀಯೇನ?"

ಕಮಲಾಬಾಯಿ ನಾಲಿಗೆ ಕಚ್ಚಿಕೊಂಡಳು. ಮನೆತುಂಬ ಜನ, ಬೆಳಗಿನಿಂದ ಯಾರಿಗೂ ನೆನಪಾಗಿರಲಿಲ್ಲ.

"ಅವರ ತಾವ ಸೇದಕೊಳ್ಳಲಿ," ಎಂದಳು ಬಾಳವ್ವ. "ಆಮ್ಯಾಲ ನೀವ್ಯಾರೂ ಹಗ್ಗ ಬದಲಿ ಮಾಡಬ್ಯಾಡ್ರಿ."

ಅವನು ಅಂಗಳಕ್ಕೆ ಬಂದಾಗ ಬಸದಿಯ ಶಿಖರದ ಮೇಲೆ ಬಿಸಿಲು ಇನ್ನೂ ಒಂದು ಗೇಣಿತ್ತು. ರಾಟೆಯ ಮೇಲಿನ ಹೊಸ ಹಗ್ಗ ಇನ್ನೂ ಹಳದಿಯಾಗಿತ್ತು, ಅಂಗೈಗೆ ಒರಟು. ಸೇದಿದ. ಕಟ್ಟೆಯ ಮೇಲೆ ಒಣಗುತ್ತಿದ್ದ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ, ಅವಳು ಮಾಡುತ್ತಿದ್ದ ಹಾಗೆಯೇ ಸೋಸಿದ. ಕುಡಿಯಬಹುದಿತ್ತು, ಬೆಳಗಿನಿಂದ ನೀರು ಕುಡಿದಿರಲಿಲ್ಲ. ಕೈ ಹೋದದ್ದು ಸಣ್ಣ ತಂಬಿಗೆಯ ಕಡೆಗೆ.

ಬಟ್ಟೆ ಮಗುಚಿ, ತಂಬಿಗೆಗೆ ತೊಳೆದ. ಬಟ್ಟೆಯ ಮೇಲೆ ಏನೂ ಕಾಣಲಿಲ್ಲ, ತಂಬಿಗೆಯಲ್ಲೂ. ಅದನ್ನು ಬಾವಿಯೊಳಗೆ ಇಳಿಬಿಟ್ಟ. ಕತ್ತಲೆಯಲ್ಲಿ ಅದು ಇಳಿಯುತ್ತ ಹೋಗಿ, ನೀರು ಮುಟ್ಟಿ, ಹಗ್ಗ ಸಡಿಲಾಯಿತು. ಇನ್ನು ತಳದ ದಾರವನ್ನು ಒಮ್ಮೆ ಜಗ್ಗಿದರೆ ಸಾಕು.

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ. ಒಳಗೆ ಆಡದೆ ಬಂದ ಮಾತು ನೆನಪಾಯಿತು. ಜಗ್ಗಲಿಲ್ಲ. ಹಾಗೇ ಮೇಲೆ ಎಳೆದುಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಶಿಖರದ ಮೇಲಿನ ಬಿಸಿಲು ಹೋಯಿತು. ಓಣಿಯ ರೊಟ್ಟಿಯ ಸದ್ದು ಒಂದೊಂದೇ ಮನೆಯಲ್ಲಿ ನಿಂತಿತು.

"ಆತೇನ್ರಿ?" ಎಂದು ಒಳಗಿನಿಂದ ಕಮಲಾಬಾಯಿ ಕೇಳಿದಳು.

ತೋಳು ಸೋಲುತ್ತಿತ್ತು. ಬೆರಳು ಬಿಗಿದು ಬೆಳ್ಳಗಾಗಿತ್ತು. ಕೆಳಗೆ, ನೀರಿನ ಮೈಮೇಲೆ, ತಂಬಿಗೆ ಮಗುಚದೆ ನೆಟ್ಟಗೆ ನಿಂತಿತ್ತು.