ಸುನಂದ ಹಾಕದ ಸಹಿ

ಅಪ್ಪನ ಮಾವಿನ ತೋಟ ಮಾರುತ್ತಿದ್ದೇನೆ, ನಿನ್ನ ಭಾಗ ಬಿಟ್ಟುಕೊಟ್ಟಂತೆ ಒಂದು ಸಹಿ ಹಾಕಿ ಹೋಗು ಎಂದು ಅಣ್ಣ ಅಮರನಾಥ್ ಫೋನ್ ಮಾಡಿದಾಗ ಸುನಂದ ಹಿಂದೆಮುಂದೆ ನೋಡದೆ ಆಗಲಿ ಎಂದಳು. ಫೋನಿಟ್ಟು, ಅರ್ಧಕ್ಕೆ ಬಿಟ್ಟಿದ್ದ ರವಿಕೆಯನ್ನು ಮತ್ತೆ ಹೊಲಿಯತೊಡಗಿದಳು.

ನಾಲ್ಕು ವರ್ಷದ ಹಿಂದೆ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಹಾಕುವಾಗ, ಅಮರನಾಥ್ ಮಾಲೂರಿನ ಅವಳ ಮನೆಗೆ ಬಂದು ಕೂತಿದ್ದ. ನನಗೆ ಯಾರೂ ಸಾಲ ಕೊಡುತ್ತಿಲ್ಲ, ಗಾರ್ಮೆಂಟ್ಸಿನಲ್ಲಿ ಸಂಬಳ ತೆಗೆದುಕೊಳ್ಳುವ ನಿನಗಾದರೆ ಕೊಡುತ್ತಾರೆ, ಕಂತು ನಾನು ಕಟ್ಟುತ್ತೇನೆ ಎಂದಿದ್ದ. ಅವಳು ಫೈನಾನ್ಸಿನಲ್ಲಿ ಎರಡು ಲಕ್ಷ ಎತ್ತಿದಳು. ಅದು ಸಾಲದೆಂದು ಸರ, ಬಳೆಯನ್ನೂ ಅಡವಿಟ್ಟಳು. ಐದು ತಿಂಗಳು ಕಟ್ಟಿ ಅವನು ನಿಲ್ಲಿಸಿಬಿಟ್ಟ. ಮಂಡಿಗೇನೂ ನಷ್ಟವಾಗಿರಲಿಲ್ಲ, ಆ ವರ್ಷವೇ ಮನೆಯ ಮೇಲೆ ಮಹಡಿ ಎಬ್ಬಿಸಿದ. ಕೇಳಲು ಹೋದರೆ, "ಸಾಲ ನಿನ್ನ ಹೆಸರಲ್ಲಿದೆ, ನೀನೇ ನೋಡ್ಕೋಬೇಕು ಕಣೇ" ಎಂದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ವೆಂಕಟರತ್ನಮ್ಮ ತಲೆ ಎತ್ತಲಿಲ್ಲ.

ವಸೂಲಿಯವರು ಫ್ಯಾಕ್ಟರಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಎಲ್ಲರೆದುರು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಒಡವೆ ಹರಾಜಾಯಿತು. ಆಟೊ ಓಡಿಸುವ ಗಂಡ ನರೇಶ್ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಅವಳೇ ಕೋಲಾರದ ಲೋಕ ಅದಾಲತ್ತಿಗೆ ಹೋಗಿ, ಬಡ್ಡಿ ಕಡಿಮೆ ಮಾಡಿಸಿಕೊಂಡು, ಮೂವತ್ತು ಕಂತಿಗೆ ಒಪ್ಪಿಸಿದಳು. ಬೆಳಿಗ್ಗೆ ಐದಕ್ಕೆ ಎದ್ದು ರವಿಕೆ ಹೊಲಿದಳು, ಕೆಲಸದಿಂದ ಬಂದು ಮತ್ತೆ ಹೊಲಿದಳು. ಪ್ರತಿ ಕಂತು ಕಟ್ಟುವಾಗಲೂ ಅಣ್ಣನ ಮಹಡಿ ಕಣ್ಣಮುಂದೆ ಬರುತ್ತಿತ್ತು. ಅದಾಲತ್ತಿನಲ್ಲಿ ಪರಿಚಯವಾದ ವಕೀಲೆಯೊಬ್ಬರು, ತೀರಿಹೋದ ತಂದೆಯ ತೋಟದಲ್ಲಿ ತಾಯಿ, ಅಣ್ಣ, ನೀನು ಮೂವರಿಗೂ ಸಮಪಾಲು, ಮೂರರಲ್ಲಿ ಒಂದು ನಿನ್ನದು, ನೀನು ಸಹಿ ಹಾಕದೆ ಇಡೀ ತೋಟ ಮಾರಲಾಗುವುದಿಲ್ಲ ಎಂದಿದ್ದರು. ಅದನ್ನವಳು ಗಂಡನಿಗೂ ಹೇಳಲಿಲ್ಲ. ಸಾಲ ತೀರಿಸಿ ಕಾದಳು.

ಈಗ ಅಣ್ಣನೊಂದಿಗೆ ನಯವಾಗಿ ಮಾತಾಡುತ್ತಾ ಎಲ್ಲವನ್ನೂ ತಿಳಿದುಕೊಂಡಳು. ತೋಟ ಕೊಳ್ಳಲಿದ್ದ ಮುಳಬಾಗಿಲಿನ ಆವಲಪ್ಪನಿಂದ ಅವನು ದೊಡ್ಡ ಮುಂಗಡ ತೆಗೆದುಕೊಂಡಿದ್ದ. ರಿಜಿಸ್ಟ್ರೇಷನ್ ಆಗದಿದ್ದರೆ ಎರಡರಷ್ಟು ವಾಪಸ್ ಕೊಡುವುದೆಂದು ಕರಾರಾಗಿತ್ತು. ಆ ದುಡ್ಡನ್ನೆಲ್ಲ ಲಾರಿ ಕೊಳ್ಳಲು ಹಾಕಿಬಿಟ್ಟಿದ್ದ. ಸುನಂದ, ಒಳ್ಳೇದಾಯ್ತು ಬಿಡಣ್ಣಯ್ಯ ಎಂದಳು.

ರಿಜಿಸ್ಟ್ರೇಷನ್ ದಿನ ಉಪನೋಂದಣಿ ಕಚೇರಿಯಲ್ಲಿ ಅವನು ತಂಗಿಗೆಂದು ರೇಷ್ಮೆ ಸೀರೆ ಹಿಡಿದು ನಿಂತಿದ್ದ. ಅಧಿಕಾರಿ, ನಿಮ್ಮ ಹಕ್ಕನ್ನು ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೀರಾ ಎಂದು ಕೇಳಿದರು.

"ಇಲ್ಲ ಸಾರ್. ನನ್ನ ಭಾಗ ನಂಗೆ ಬೇಕು."

ಆವಲಪ್ಪ ಎದ್ದು ಹೊರಗೆ ಹೋದ. ಅಮರನಾಥ್ ಮೊದಲು ಬೈದ. ಹೊರಗೆ ಹುಣಸೆಮರದ ಕೆಳಗೆ ಬಂದ ಮೇಲೆ ದನಿ ಇಳಿಸಿದ. ಆವಲಪ್ಪ ಸುಮ್ಮನೆ ಬಿಡುವವನಲ್ಲ, ನಿನ್ನ ಸಾಲವೆಷ್ಟೋ ಅಷ್ಟನ್ನೂ ಈಗಲೇ ಕೊಡುತ್ತೇನೆ ಎಂದು ಗೋಗರೆದ.

"ಸಾಲ ತೀರೋಯ್ತು ಅಣ್ಣಯ್ಯ," ಎಂದಳು ಸುನಂದ. "ಈಗ ನಿನ್ನ ಸರದಿ. ನೀನು ಹೆಂಗೆ ತೀರಿಸ್ತೀಯೋ ನಾನೂ ನೋಡ್ತೀನಿ."

ಒಡಹುಟ್ಟಿದವನನ್ನು ಬೀದಿಗೆ ನಿಲ್ಲಿಸುತ್ತೀಯಲ್ಲೇ ಎಂದು, ತನ್ನ ಪಾಲಿನ ಸಹಿ ಹಾಕಲು ಬಂದಿದ್ದ ಅಮ್ಮ ಅತ್ತಳು. ಸುನಂದ ಮಾಲೂರಿನ ಬಸ್ಸು ಹತ್ತಿದಳು.

ಆವಲಪ್ಪನ ಕಡೆಯವರು ದಿನಾ ಬಂದು ಮಂಡಿಯಲ್ಲಿ ಕೂರತೊಡಗಿದರು. ರೈತರು ಕಾಯಿ ತರುವುದನ್ನು ಬಿಟ್ಟರು. ಲಾರಿ ಬಂದ ಬೆಲೆಗೆ ಹೋಯಿತು, ಮಳೆಗಾಲದ ಹೊತ್ತಿಗೆ ಮಂಡಿಯೂ ಹೋಯಿತು. ಊರಿನ ಗೆಳತಿ ಇದನ್ನೆಲ್ಲ ಫೋನಿನಲ್ಲಿ ಹೇಳುವಾಗ ಸುನಂದ ಹೊಲಿಗೆ ನಿಲ್ಲಿಸಿ, ಇನ್ನೊಂದು ಸಲ ಹೇಳು ಎನ್ನುತ್ತಿದ್ದಳು.

ದಾವೆ ಹಾಕಿ, ಒಂದು ವರ್ಷಕ್ಕೆ ರಾಜಿಯಲ್ಲಿ ರಸ್ತೆ ಬದಿಯ ಒಂದೂವರೆ ಎಕರೆ ಪಡೆದಳು. ಅಮ್ಮ ಮಾತು ಬಿಟ್ಟಿದ್ದಳು. ಅಣ್ಣನ ಮಂಡಿಯನ್ನು ಕೊಂಡ ವೇಣುಗೋಪಾಲನಿಗೇ ಮೊದಲ ಫಸಲನ್ನು ಕೊಟ್ಟಳು. ಬೇರೆಯವನು ಇನ್ನೂ ಜಾಸ್ತಿ ಕೊಡುತ್ತೇನೆಂದರೂ ಕೇಳಲಿಲ್ಲ.

ಕಾಯಿ ಕೀಳುವ ದಿನ ಅಮರನಾಥ್ ಆ ದಾರಿಯಲ್ಲೇ ನಡೆದುಬಂದ. ಕೂದಲು ನೆರೆತು, ಇಳಿದುಹೋಗಿದ್ದ. ಅವಳನ್ನು ಕಂಡು ತಲೆ ತಗ್ಗಿಸಿ ದಾಟಿದ. ಪಾಪ ಅನ್ನಿಸುತ್ತದೇನೋ ಎಂದು ಸುನಂದ ನಿಂತು ಕಾದಳು. ಅನ್ನಿಸಲಿಲ್ಲ. ಅವನು ತಿರುವಿನಲ್ಲಿ ಮರೆಯಾದ ಮೇಲೆ, ಕೆಲಸದವರಿಗೆ ಊಟಕ್ಕೆ ಹೊತ್ತಾಯಿತೆಂದು ಬುತ್ತಿ ಬಿಚ್ಚಿದಳು.