ಕರಕರ ಜೋಡು

"ಏ ಸುಂದರಾ, ಹೊಸ್ತಿಲದ ಆಚೆ ನಿಂದರ ಬೇ! ಗಿರಾಕಿ ಬರೂ ಹೊತ್ತ ಐತಿ, ತೊಗಲಿನ ನಾತ ಒಳಗ ತರಬ್ಯಾಡ."

ಅಥಣಿ ಬಜಾರದ ಆ ಅಂಗಡಿಯ ತುಂಬ ಇದ್ದದ್ದು ತೊಗಲಿನ ಚಪ್ಪಲಿಗಳೇ. ಅರ್ಧಕ್ಕರ್ಧ ಸುಂದರಾಳ ಕೈಯವು. ಚಪ್ಪಲಿ ಒಳಗೆ, ಹೊಲಿದವಳು ಹೊರಗೆ. ಮಾಲೀಕ ದುಂಡೇಶ ದೇಸಾಯಿಗೆ ಇದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

"ಆ್ಯಪಿನ್ಯಾಗ ನಿಂದs ಅಂಗಡಿ ತಗದೀಯಂತಲ್ಲ? ಎಷ್ಟ ಮಂದಿ ಮುಗಿಬಿದ್ದಾರ?" ಎಂದು ನಕ್ಕ.

ಒಬ್ಬರೂ ಬಂದಿರಲಿಲ್ಲ. ಯುಗಾದಿಗೆ ಮಗಳು ಕೋಮಲ ಮೊಬೈಲಿನಲ್ಲಿ 'ಸುಂದರಾ ಸಮಗಾರ' ಎಂದು ಅಂಗಡಿ ತೆರೆದಾಗ, ದೇಸಾಯಿಯ ಹಂಗು ಹರಿಯಿತೆಂದು ಸುಂದರಾ ಕೇರಿಗೆಲ್ಲ ಪೇಢೆ ಹಂಚಿದ್ದಳು. ದೀಪಾವಳಿ ಬಂದರೂ ಅಂಗಡಿ ನೊಣ ಹೊಡೆಯುತ್ತಲೇ ಇತ್ತು. ಆ್ಯಪು ತೆರೆದವರಿಗೆ 'ನಿಮಗಾಗಿ ಆರಿಸಿದ್ದು' ಎಂದು ಮೊದಲು ಮೂಡುತ್ತಿದ್ದದ್ದು ದೇಸಾಯಿ ಅಂಗಡಿ, ಅದರಲ್ಲಿ ಸುಂದರಾಳೇ ಹೊಲಿದ ಜೋಡು. ಅವಳ ಅಂಗಡಿ ಕಾಣಬೇಕಾದರೆ ಬೆರಳು ಸವೆಯುವ ತನಕ ಕೆಳಗೆ ಸರಿಸಬೇಕು.

"ಊರಾಗೂ ಕಡೀಗೆ, ಇದರಾಗೂ ಕಡೀಗೆ, ಇದರವ್ವನ!" ಎಂದು ಅವಳು ತೊಗಲು ಕೊಯ್ಯುವ ರಂಪಿಗೆಯನ್ನೇ ಬೀಸಿ ಒಗೆದಿದ್ದಳು.

ಹೋದ ವಾರ ಕೋಮಲ ಒಂದು ಆಟ ಹೂಡಿದಳು. ಅದೇ ಚಪ್ಪಲಿ, ಅದೇ ಫೋಟೊ, ಅದೇ ದರ. ಹೆಸರು ಮಾತ್ರ 'ಸುಂದರಾ ದೇಸಾಯಿ'. ಸಂಜೆಯೊಳಗೆ ಮೇಲೆ ಬಂದು ಕೂತಿತು, ಆರ್ಡರೂ ಬಿದ್ದವು.

"ಅವ್ವಾ, ಇದs ಇರಲಿ ಬಿಡ. ಹೊಟ್ಟಿಗಿ ಎಲ್ಲಿ ಅಡ್ಡಹೆಸರ?"

ಸುಂದರಾಳ ಮೈಯೆಲ್ಲ ಉರಿಯಿತು. "ತಗದ ಹಾಕ ಅದನ್ನ! ನಮ್ಮಪ್ಪನ್ನ ಬಿಟ್ಟ ಮಂದಿ ಅಪ್ಪನ ಹೆಸರ ಹೇಳ್ಲೇನ?"

ಹೆಸರು ಅಳಿಸಿದರು. ಮಾರಾಟವೂ ಅಳಿಯಿತು. ಚೀಲ ಹೊತ್ತು ಮತ್ತೆ ಇದೇ ಹೊಸ್ತಿಲಿಗೆ ಬಂದಿದ್ದಳು.

"ಹೆಸರ ನೋಡಿ ಹಿಂದ ದೂಡತೈತ್ರಿ ಅದು," ಎಂದಳು.

"ಮಿಶಿನ್ನಿಗಿ ಎಲ್ಲೀ ಜಾತಿ ಬೇ, ಹುಚ್ಚಿ? ಮಂದಿ ಯಾವದನ್ನ ಒತ್ತತಾರ, ಅದನ್ನ ಮುಂದ ಮಾಡತೈತಿ."

"ತೋರಸಿದ್ರ ಒತ್ತತಾರ್ರಿ. ನಂದು ತೋರಸದs ಹೆಂಗ ಒತ್ತಬೇಕು?"

"ಬಾಯಿ ಭಾಳ ಆತು ನಿಂದು. ನನ್ನ ಕರಕರ ಜೋಡ ತಗಿ ಮೊದಲ."

ತಳದ ಪದರಗಳ ನಡುವೆ ಬೀಜವಿಟ್ಟು ಹೊಲಿದ, ಹೆಜ್ಜೆಗೊಮ್ಮೆ ಕರಕರ ಎನ್ನುವ ಜೋಡು. ದುಂಡೇಶನ ಅಜ್ಜನಿಗೆ ಸುಂದರಾಳ ಅಪ್ಪ ಹೊಲಿದು ಕೊಡುತ್ತಿದ್ದ. ಆ ಸಪ್ಪಳ ಕೇಳಿದರೆ ಮಂದಿ ದಾರಿ ಬಿಟ್ಟು ನಿಲ್ಲಬೇಕು. ಹೊಲಿದ ಅಪ್ಪ ಮಾತ್ರ ದೇಸಾಯರ ವಾಡೆಯ ಮುಂದೆ ತನ್ನ ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು, ಸಾಯುವ ತನಕ ಬರಿಗಾಲಲ್ಲೇ ನಡೆದ. ಈಗ ಮೊಮ್ಮಗ ದುಂಡೇಶನಿಗೆ ಮದುವೆಯಲ್ಲಿ ಮೆಟ್ಟಿ ಮೆರೆಯಲು ಅದೇ ಬೇಕಾಗಿತ್ತು.

ಸುಂದರಾ ಚೀಲದಿಂದ ಜೋಡು ತೆಗೆದು ಹೊಸ್ತಿಲ ಬಳಿ ಇಟ್ಟಳು. ದುಂಡೇಶ ಕೈಚಾಚುವುದರೊಳಗೆ ತನ್ನ ಕಾಲು ತೂರಿಸಿದಳು.

"ಏ! ಏ ಬೋಸುಡಿ, ತಗಿ ಕಾಲ! ನಾ ಮೆಟ್ಟೂ ಜೋಡ ಅದು!"

"ಇನ್ನ ಹೆಂಗ ಮೆಟ್ಟತೀರಿ? ಸಮಗಾರಾಕಿ ಮೆಟ್ಟಿದ್ದು."

ಗಂಡಸಿನ ಅಳತೆ, ಹಿಮ್ಮಡಿಯ ಹಿಂದೆ ಜಾಗ ಉಳಿದಿತ್ತು. ಆದರೂ ಚೀಲ ಹೆಗಲಿಗೇರಿಸಿ ಬಜಾರದ ನಡುವೆಯೇ ನಡೆದಳು. ಕರ್, ಕರ್. ದುಂಡೇಶನ ಬೈಗುಳ ಹಿಂದೆಯೇ ಬರುತ್ತಿತ್ತು. ಮುಂದೆ ಹೋಗುತ್ತಿದ್ದ ಮಂದಿ ಹೊರಳಿಯೂ ನೋಡದೆ, ಹಳೆಯ ರೂಢಿಯಂತೆ, ಬದಿಗೆ ಸರಿದು ದಾರಿ ಬಿಟ್ಟರು.

ಬಿಟ್ಟ ಮೇಲೆ ಯಾರೆಂದು ನೋಡಿದರು.